ಅಳಿಲಿನ ಧ್ವನಿಗೆ ಅನುಮತಿ

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಮುಂಬಾಗಿಲ ಮೇಜಿಗೆ ಕೂರುತ್ತಿದ್ದವಳನ್ನು ಎಲ್ಲರೂ ಅಕ್ಕ ಅಂತಲೇ ಕರೆಯುತ್ತಿದ್ದರು. ಬಾಯಲ್ಲಿ ಒಂದೂ ಹಲ್ಲುಳಿಯದ ಮುದುಕರೂ ಕೌಂಟರಿಗೆ ಮೊಣಕೈ ಊರಿ, "ಅಕ್ಕಾ, ನನ್ನ ಸರದಿ ಯಾವಾಗ?" ಎಂದು ಕೇಳುತ್ತಿದ್ದರು. ಡಾಕ್ಟರೂ ಅಕ್ಕ ಎನ್ನುತ್ತಿದ್ದರು, ಔಷಧಿ ಪೆಟ್ಟಿಗೆ ತಂದಿಳಿಸುವವನೂ ಅಕ್ಕ ಎನ್ನುತ್ತಿದ್ದ. ಅದು ಎಷ್ಟು ರೂಢಿಯಾಗಿತ್ತೆಂದರೆ ಮನೆಯಲ್ಲಿ ಗಂಡ ಹೆಸರು ಹಿಡಿದು ಕೂಗಿದರೆ ಅವಳು ಒಂದು ಗಳಿಗೆ ತಡೆದು ಓಗೊಡುತ್ತಿದ್ದಳು.

ಕ್ಲಿನಿಕ್ಕಿಗೆ ಸೇರುವ ಮೊದಲು ಅಕ್ಕನಿಗೆ ಬೇರೊಂದು ಕಸುಬಿತ್ತು. ಬೇರೆ ಭಾಷೆಯಿಂದ ಬರುವ ಟಿವಿ ಕಾರ್ಯಕ್ರಮಗಳಿಗೆ ನಮ್ಮ ಭಾಷೆಯಲ್ಲಿ ಧ್ವನಿ ಕೊಡುವುದು. ಅಳುವ ಅತ್ತಿಗೆ, ಗದರುವ ಟೀಚರು, ಸೋಪು ಮಾರುವ ಹುಡುಗಿ, ಯಾವುದು ಸಿಕ್ಕಿದರೆ ಅದು. ಅವುಗಳಲ್ಲಿ ಜನರ ಬಾಯಲ್ಲಿ ನಿಂತದ್ದು ಒಂದೇ, ಚಿಟುಕಿ ಅನ್ನುವ ಕಾರ್ಟೂನ್ ಅಳಿಲು ಮರಿ. ಸದಾ ಅವಸರದಲ್ಲಿ ಓಡುವ, ಓಡುತ್ತ ಓಡುತ್ತ ಎಲ್ಲಾದರೂ ಬಾಲ ಸಿಕ್ಕಿಸಿಕೊಳ್ಳುವ ಪ್ರಾಣಿ ಅದು. "ತಡಿ ತಡಿ, ಬಾಲ ಸಿಕ್ಕೊಂಡಿದೆ!" ಎಂದು ಅದು ಕಿರುಚಿದರೆ ಸಾಕು, ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದವು.

ಆಮೇಲೆ ಆ ಕಾರ್ಯಕ್ರಮ ನಿಂತುಹೋಯಿತು. ಸ್ಟುಡಿಯೋ ಬಾಗಿಲು ಹಾಕಿತು. ಅದನ್ನು ಒಂದು ದೊಡ್ಡ ಕಂಪನಿ ಕೊಂಡುಕೊಂಡು, ಚಿಟುಕಿಯನ್ನು ಯಾವುದೋ ಗೋದಾಮಿಗೆ ತಳ್ಳಿ ಮರೆತೇಬಿಟ್ಟಿತು. ಅದನ್ನು ತೋರಿಸುವವರೂ ಇರಲಿಲ್ಲ, ಮಾರುವವರೂ ಇರಲಿಲ್ಲ. ಆದರೂ ಈಗಿನ ಚಿಳ್ಳೆಪಿಳ್ಳೆಗಳಿಗೆಲ್ಲ ಚಿಟುಕಿ ಗೊತ್ತಿತ್ತು. ಯಾರೋ ಪುಣ್ಯಾತ್ಮರು ಹಿಂದೆಂದೋ ಟಿವಿಯಿಂದ ಹಿಡಿದಿಟ್ಟದ್ದನ್ನು ಇಂಟರ್ನೆಟ್ಟಿಗೆ ಹಾಕಿದ್ದರು, ಬೇಕಾದವರು ಇಳಿಸಿಕೊಳ್ಳುತ್ತಿದ್ದರು. ಡಾಕ್ಟರೂ ಇಳಿಸಿಕೊಂಡಿದ್ದರು. ಕುರ್ಚಿಯ ಮೇಲ್ಗಡೆ ತೂಗುಹಾಕಿದ ಪುಟ್ಟ ಪರದೆಯಲ್ಲಿ ಚಿಟುಕಿ ಕುಣಿಯುತ್ತಿದ್ದರೆ ಮಕ್ಕಳು ತೆರೆದ ಬಾಯಿ ಮುಚ್ಚುತ್ತಿರಲಿಲ್ಲ. ಸೂಜಿ ಹೋದದ್ದು ಬಂದದ್ದು ಅವಕ್ಕೆ ತಿಳಿಯುತ್ತಲೇ ಇರಲಿಲ್ಲ.

ಆ ಧ್ವನಿ ತನ್ನದು ಅಂತ ಅಕ್ಕ ಕ್ಲಿನಿಕ್ಕಿನಲ್ಲಿ ಯಾರಿಗೂ ಹೇಳಿರಲಿಲ್ಲ. ಮುಚ್ಚಿಡಬೇಕು ಅಂತೇನಲ್ಲ. ಯಾರೂ ಕೇಳಿರಲಿಲ್ಲ, ಅಷ್ಟೆ. ಒಳಕೋಣೆಯಲ್ಲಿ ಅವಳದೇ ಹಳೆಯ ಗಂಟಲು ಕಿರುಚುತ್ತಿದ್ದರೆ, ಹೊರಗೆ ಅವಳು ಫೋನಿನಲ್ಲಿ "ಗುರುವಾರ ಬೆಳಿಗ್ಗೆ ಬರ್ತೀರಾ?" ಎಂದು ಬೇರೆಯೇ ಧ್ವನಿಯಲ್ಲಿ ಕೇಳುತ್ತಿದ್ದಳು.

ಹೀಗಿರುವಾಗ ಕಾನೂನು ಬಂತು.

ಅನುಮತಿ ಇಲ್ಲದೆ ಹಾಡು, ಸಿನಿಮಾ, ಪುಸ್ತಕ, ಏನನ್ನೇ ಇಂಟರ್ನೆಟ್ಟಿನಿಂದ ಇಳಿಸಿಕೊಂಡರೂ ಅಪರಾಧ. ಮೊದಲು ಎಚ್ಚರಿಕೆ, ಆಮೇಲೆ ಇಂಟರ್ನೆಟ್ ಕಡಿತ, ಅದಕ್ಕೂ ಬಗ್ಗದಿದ್ದರೆ ಕೋರ್ಟು. ಟಿವಿಯಲ್ಲಿ ಮಂತ್ರಿಗಳು ಹೇಳಿದ್ದು ಇಷ್ಟೇ. ಮಿಕ್ಕಿದ್ದನ್ನೆಲ್ಲ ಜನ ತಾವೇ ಸೇರಿಸಿಕೊಂಡರು. ನೋಡಿದರೆ ತಪ್ಪಿಲ್ಲ, ಇಟ್ಟುಕೊಂಡರೆ ತಪ್ಪು ಎಂದರು ಕೆಲವರು. ಇಟ್ಟುಕೊಂಡರೆ ಏನೂ ಆಗಲ್ಲ, ಇನ್ನೊಬ್ಬರಿಗೆ ಕಳಿಸಿದರೆ ಕೆಟ್ಟಿರಿ ಎಂದರು ಇನ್ನು ಕೆಲವರು. ಮದುವೆ ವಿಡಿಯೋದ ಹಿಂದೆ ಸಿನಿಮಾ ಹಾಡು ಕೇಳಿಸಿದರೆ ಗಂಡು ಹೆಣ್ಣು ಇಬ್ಬರನ್ನೂ ಕರೆಸುತ್ತಾರಂತೆ ಎಂದು ಎದುರುಮನೆಯಾಕೆ ಮೆಟ್ಟಿಲ ಮೇಲೆ ನಿಂತು ಪಿಸುಗುಟ್ಟಿದಳು. ಅವಳ ಮದುವೆಯಾಗಿ ಮೊಮ್ಮಕ್ಕಳಾಗಿದ್ದವು.

ಕಾನೂನು ಜಾರಿಯಾದ ಬೆಳಿಗ್ಗೆ ಅಕ್ಕ ಕೆಲಸಕ್ಕೆ ಹೊರಟರೆ ಬೀದಿಗೆ ಬೀದಿಯೇ ಕಿವಿ ಕಟ್ಟಿದ ಹಾಗಿತ್ತು. ಕ್ಷೌರದಂಗಡಿಯಲ್ಲಿ ಹಾಡಿಲ್ಲ, ಕತ್ತರಿಯ ಕಚಕಚ ಮಾತ್ರ. ಅದರ ಮೇಲಿನ ವ್ಯಾಯಾಮಶಾಲೆಯಲ್ಲಿ ಭಾರ ಎತ್ತಿ ಧೊಪ್ಪೆಂದು ಇಳಿಸುವ ಸದ್ದು, ಜೊತೆಗೆ ಯಾರೋ ಏದುಸಿರು ಬಿಡುವುದು. ಹಾಡಿಲ್ಲದೆ ಕೇಳಿದರೆ ಯಾರಿಗೋ ಹೆರಿಗೆ ನೋವು ಅಂತ ಅನ್ನಿಸಬೇಕು. ಬಸ್ಸಿನಲ್ಲಿ ಟಿಕೆಟು ನೋಡುವವನು ಹತ್ತಿದ್ದೇ ತಡ, ಕಾಲೇಜು ಹುಡುಗರು ಕಿವಿಯಿಂದ ವೈರು ಕಿತ್ತು ಜೇಬಿಗೆ ತುರುಕಿದರು. ಆ ಬಡಪಾಯಿಗೆ ಏನೂ ಅರ್ಥವಾಗದೆ, ತನ್ನ ಬಟ್ಟೆಯ ಮೇಲೇನಾದರೂ ಚೆಲ್ಲಿದೆಯೋ ಎಂದು ತಲೆ ತಗ್ಗಿಸಿ ನೋಡಿಕೊಂಡ.

ಅಕ್ಕನ ಗಂಡ ಲಿಫ್ಟು ರಿಪೇರಿಯವನು. ಕತ್ತಲ ಬಾವಿಯಂಥ ಸಂದಿಯಲ್ಲಿ ಹಗ್ಗ ಹಿಡಿದು ನೇತಾಡುವ ಕೆಲಸ. ಒಂಟಿತನಕ್ಕೆ ಹಾಡೇ ಜೊತೆ. ಹಳೆಯ ಹಾಡುಗಳ ರಾಶಿಯನ್ನೇ ಕಂಪ್ಯೂಟರಿನಲ್ಲಿ ಕೂಡಿಟ್ಟಿದ್ದ. ಕಾನೂನು ಬಂದ ಸಂಜೆ ಅವನು ಮುಖ ಗಂಟು ಹಾಕಿಕೊಂಡು ಎಲ್ಲವನ್ನೂ ಅಳಿಸಲು ಕೂತ.

"ಅಳಿಸ್ತಿದೀಯೋ ಕೇಳ್ತಿದೀಯೋ?" ಅಕ್ಕ ಅಡುಗೆಮನೆಯಿಂದಲೇ ಕೇಳಿದಳು.

"ಅಳಿಸೋ ಮುಂಚೆ ಒಂದ್ಸಲ ಕೇಳ್ಬೇಡ್ವಾ? ಮತ್ತೆ ಸಿಗುತ್ತಾ?"

"ಹಿಂಗೆ ಒಂದೊಂದೇ ಕೇಳ್ತಾ ಕೂತ್ರೆ ನಿನ್ನ ಕಾಲಕ್ಕೆ ಮುಗಿಯುತ್ತಾ?"

"ಮುಗಿಯದಿದ್ರೆ ನಾನೇನು ಮಾಡ್ಲಿ? ಅಳಿಸ್ತಾ ಇದೀನಿ ಅಂತ ಹೇಳ್ಬಹುದಲ್ಲ," ಎಂದು ಅವನು ಮುಂದಿನ ಹಾಡು ಹಾಕಿದ.

ಮಗಳು ಕಾಲೇಜಿನಲ್ಲಿ ಗ್ರಂಥಾಲಯದ ಕೆಲಸ ಕಲಿಯುತ್ತಿದ್ದಳು. ಅವಳ ಸಿಟ್ಟು ನೆತ್ತಿಗೇರಿತ್ತು. "ನಮ್ಮ ಪಾಠದ ಅರ್ಧ ಪುಸ್ತಕ ಅಂಗಡೀಲಿಲ್ಲ, ಲೈಬ್ರರೀಲೂ ಇಲ್ಲ. ಇಳಿಸ್ಕೊಳ್ದೆ ಪರೀಕ್ಷೇಲಿ ಏನು ನನ್ನ ಮುಖ ಬರೀಲಾ? ಅಮ್ಮ, ನೀನೇ ಹೇಳು!"

ಅಕ್ಕ ಏನು ಹೇಳಬೇಕು? ಟಿವಿಯಲ್ಲಿ ಮಂತ್ರಿಗಳು "ಕಲಾವಿದರ ಬೆವರಿಗೆ ಬೆಲೆ ಸಿಗಬೇಕು" ಎಂದಾಗ ಅವಳಿಗೆ ಅದು ಹೌದೆನ್ನಿಸಿತ್ತು. ಈಗ ಮಗಳು ಹೇಳಿದ್ದೂ ಹೌದೆನ್ನಿಸಿತು. "ತಟ್ಟೆ ತಗೊಂಡು ಬಾ," ಎಂದಳು.

ಮಾರನೆಯ ದಿನ ಡಾಕ್ಟರು ಕುರ್ಚಿಯ ಮೇಲೆ ತಾವೇ ಹತ್ತಿ ನಿಂತು, ಪರದೆಯಿಂದ ಚಿಟುಕಿಯನ್ನು ತೆಗೆದುಹಾಕಿದರು. ಕೈ ತೊಳೆದುಕೊಂಡು ಬಂದು, "ಇನ್ನು ಯಾರೂ ನಮ್ಮನ್ನ ಏನೂ ಕೇಳೋ ಹಾಗಿಲ್ಲ ನೋಡಿ," ಎಂದರು. ಅದರ ಜಾಗದಲ್ಲಿ ಹಲ್ಲುಜ್ಜುವ ವಿಧಾನದ ಚಿತ್ರ ಹಾಕಿದರು. ಅದಕ್ಕೆ ಮಾತಿಲ್ಲ, ಒಂದು ಬ್ರಷ್ಷು ಮೇಲೆ ಕೆಳಗೆ ಹೋಗುವುದು ಮಾತ್ರ. ಆ ಬೆಳಿಗ್ಗೆಯ ಮೊದಲ ಮಗು ಬ್ರಷ್ಷನ್ನು ನೋಡಿತು, ಡಾಕ್ಟರನ್ನು ನೋಡಿತು, ಬಾಯಿ ಮುಚ್ಚಿದ್ದು ಮತ್ತೆ ತೆರೆಯಲಿಲ್ಲ. ಎರಡನೆಯದು ತೆರೆಯಿತು, ಆದರೆ ಡಾಕ್ಟರ ಬೆರಳು ಕಚ್ಚಿತು.

ಊಟದ ಹೊತ್ತಿಗೆ ಡಾಕ್ಟರು ಬೆರಳಿಗೆ ಪಟ್ಟಿ ಸುತ್ತಿಕೊಂಡು ಅಕ್ಕನ ಮೇಜಿನ ಎದುರು ಕುಸಿದು ಕೂತರು. "ಆ ಅಳಿಲನ್ನ ಎಲ್ಲಾದ್ರೂ ಸರಿಯಾಗಿ ಕೊಂಡ್ಕೊಳೋಣ ಅಂತ ಹುಡುಕಿದೆ ಅಕ್ಕ. ಎಲ್ಲೂ ಮಾರೋದೇ ಇಲ್ವಂತೆ. ಅದಕ್ಕೆ ಧ್ವನಿ ಕೊಟ್ಟೋರಾದ್ರೂ ಸಿಕ್ಕಿದ್ರೆ ಒಂದು ಮಾತು ಕೇಳ್ಬಹುದಿತ್ತು."

ಅಕ್ಕ ಕೈಲಿದ್ದ ಪೆನ್ನು ಕೆಳಗಿಟ್ಟಳು. "ಅದು ನಾನೇ ಡಾಕ್ಟ್ರೇ."

"ಏನು ನೀವೇ?"

"ಧ್ವನಿ. ಚಿಟುಕೀದು."

ಡಾಕ್ಟರು ನಕ್ಕರು. ಅಕ್ಕ ನಗಲಿಲ್ಲ. ಆಚೀಚೆ ನೋಡಿ, ಬಾಗಿಲು ಮುಚ್ಚಿದೆಯೆಂದು ಖಾತ್ರಿ ಮಾಡಿಕೊಂಡು, ಮೆಲ್ಲಗೆ "ತಡಿ ತಡಿ, ಬಾಲ ಸಿಕ್ಕೊಂಡಿದೆ" ಎಂದಳು. ಡಾಕ್ಟರ ನಗು ಅಲ್ಲೇ ನಿಂತಿತು. ಇಷ್ಟು ಕಾಲ ತಮ್ಮ ಕ್ಲಿನಿಕ್ಕಿನಲ್ಲಿ ಒಂದೇ ಹೆಂಗಸು ಎರಡು ಕೋಣೆಯಲ್ಲಿ ಕೆಲಸ ಮಾಡುತ್ತಿದ್ದಳೆಂಬುದು ತಲೆಗಿಳಿಯಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಇಳಿದ ಮೇಲೆ ಮುಖ ಅರಳಿತು.

"ಅಯ್ಯೋ, ಹಾಗಾದ್ರೆ ಸುಲಭ ಆಯ್ತಲ್ಲ! ನೀವೇ ಅನುಮತಿ ಕೊಟ್ಬಿಡಿ."

"ನಾನು ಕೊಡ್ಬಹುದಾ?"

"ನಿಮ್ಮದಲ್ವಾ?"

"ನನ್ನದು... ನನ್ನದೇ. ಆದ್ರೆ..."

ಡಾಕ್ಟರು ಪೇಪರು ತಿರುವಿ ಒಂದು ಫೋನ್ ನಂಬರು ತೋರಿಸಿದರು.

ಸರ್ಕಾರ ಒಂದು ಸಹಾಯವಾಣಿ ಶುರುಮಾಡಿತ್ತು. ಅಕ್ಕ ಅಲ್ಲೇ ಕೂತು ಫೋನು ಮಾಡಿದಳು. ಡಾಕ್ಟರು ಕಿವಿಯನ್ನು ಹತ್ತಿರ ತಂದರು. ಮೊದಲು ಒಂದು ಸಂಗೀತ ಬಂತು. ಇದಕ್ಕೆ ಅನುಮತಿ ತಗೊಂಡಿರ್ತಾರಾ ಎಂದು ಡಾಕ್ಟರು ಪಿಸುಗುಟ್ಟಿದರು. ಆಮೇಲೆ ಒಬ್ಬ ಹೆಂಗಸು, ಸ್ಪಷ್ಟವಾದ, ಪಳಗಿದ ಧ್ವನಿಯಲ್ಲಿ ಹೇಳಿದಳು: "ನಿಮ್ಮ ಕೃತಿಯನ್ನು ಬೇರೆಯವರು ಅನುಮತಿಯಿಲ್ಲದೆ ಬಳಸಿದ್ದರೆ ಒಂದನ್ನು ಒತ್ತಿ. ನೀವು ಬೇರೆಯವರ ಕೃತಿಯನ್ನು ಅನುಮತಿಯಿಲ್ಲದೆ ಬಳಸಿದ್ದರೆ ಎರಡನ್ನು ಒತ್ತಿ."

ಅಕ್ಕನ ಬೆರಳು ಒಂದರ ಮೇಲೆ ಹೋಯಿತು, ಅಲ್ಲಿಂದ ಎರಡರ ಮೇಲೆ ಬಂತು, ಮತ್ತೆ ಒಂದಕ್ಕೆ ಹೋಯಿತು. ಎರಡೂ ನಿಜವಾದರೆ ಏನನ್ನು ಒತ್ತಬೇಕೆಂದು ಆ ಹೆಂಗಸು ಹೇಳಲಿಲ್ಲ. "ನೀವು ಯಾವುದನ್ನೂ ಆಯ್ಕೆ ಮಾಡಿಲ್ಲ, ಧನ್ಯವಾದ," ಎಂದು ಫೋನು ತಾನೇ ಕಟ್ಟಾಯಿತು.

ಆ ಸಂಜೆ ಅವಳು ಸೌಂಡಣ್ಣನಿಗೆ ಫೋನು ಮಾಡಿದಳು. ಸೌಂಡಣ್ಣ ಅಂದರೆ ಹಳೆಯ ಸ್ಟುಡಿಯೋದಲ್ಲಿ ಧ್ವನಿ ಮುದ್ರಿಸುತ್ತಿದ್ದವನು. ಈಗ ಧ್ವನಿ ಕಲಾವಿದರ ಸಂಘಕ್ಕೆ ಕಾರ್ಯದರ್ಶಿ. ಅವನ ಮಾತು ಯಾವಾಗಲೂ ಮೈಕಿಗೆ ತೀರಾ ಹತ್ತಿರ ನಿಂತು ಆಡಿದ ಹಾಗೆ.

"ಅನುಮತಿ ಕೊಡಕ್ಕೆ ನಿಂಗೆಲ್ಲಿದೆ ಅಧಿಕಾರ? ಅದು ಕಂಪನೀದು. ನಾವೆಲ್ಲ ಅವತ್ತು ಸಹಿ ಹಾಕಿ ಕೊಟ್ಟಿದ್ವಲ್ಲ," ಎಂದ. "ಆದ್ರೆ ಕಳ್ಳತನ ಆಗಿರೋದು ನಿಂದೇ. ನೀನು ಭಾನುವಾರ ಚೌಕಕ್ಕೆ ಬರ್ಲೇಬೇಕು. ಕಾನೂನಿನ ಪರವಾಗಿ ನಮ್ಮ ಸಭೆ ಇದೆ. ಚಿಟುಕಿ ಅಂದ್ರೆ ಜನ ಸೇರ್ತಾರೆ."

"ನಂದೇ ಅಲ್ಲದ್ದು ನನ್ನಿಂದ ಕಳುವಾಗೋದು ಹೆಂಗೆ?"

"ಅದನ್ನೆಲ್ಲ ಸಭೇಲಿ ಕೇಳ್ಬೇಡ, ಗೊಂದಲ ಆಗುತ್ತೆ," ಎಂದ ಸೌಂಡಣ್ಣ.

ಅಕ್ಕ ಒಲ್ಲೆ ಅನ್ನಬಹುದಿತ್ತು. ಆದರೆ ಎಷ್ಟೋ ಕಾಲದ ಮೇಲೆ ಯಾರೋ ಅವಳ ಕಸುಬಿನ ಹೆಸರು ಹಿಡಿದು ಕರೆದಿದ್ದರು. ಹೂಂ ಅಂದುಬಿಟ್ಟಳು. ಫೋನಿಟ್ಟು ತಿರುಗಿದರೆ ಮಗಳು ಒಂದು ರಟ್ಟಿನ ಮೇಲೆ ದಪ್ಪ ಅಕ್ಷರಗಳಿಗೆ ಬಣ್ಣ ತುಂಬುತ್ತ ಕೂತಿದ್ದಳು. ಓದುವುದು ಅಪರಾಧವಲ್ಲ, ಎಂದಿತ್ತು ಅದರಲ್ಲಿ.

"ಇದೆಲ್ಲಿಗೆ?"

"ಚೌಕಕ್ಕೆ. ಭಾನುವಾರ. ನಮ್ಮ ಕಾಲೇಜಿನೋರೆಲ್ಲ ಹೋಗ್ತಿದೀವಿ."

ಗಂಡ ಹಾಡಿನ ಸದ್ದು ತಗ್ಗಿಸಿ ಇಬ್ಬರನ್ನೂ ನೋಡಿದ. "ಒಟ್ಟಿಗೇ ಹೋಗಿ, ಒಂದೇ ಆಟೋ ಸಾಕು," ಎಂದ.

ಹಾಗೇ ಆಯಿತು. ತಾಯಿ ಮಗಳು ಒಂದೇ ಆಟೋದಲ್ಲಿ, ಮಧ್ಯೆ ರಟ್ಟು ಇಟ್ಟುಕೊಂಡು ಹೋದರು. ಚೌಕದ ನಡುವೆ ನೀರಿಲ್ಲದ ಕಾರಂಜಿ. ಅದರ ಒಂದು ಬದಿಗೆ ಕಲಾವಿದರ ಸಂಘದ ವೇದಿಕೆ, ಇನ್ನೊಂದು ಬದಿಗೆ ವಿದ್ಯಾರ್ಥಿಗಳ ಗುಂಪು, ಮಧ್ಯೆ ಪೊಲೀಸರ ಹಗ್ಗ. ಇಳಿಯುವಾಗ ಮಗಳು ತಾಯಿಯ ಕಾಲರು ಸರಿಮಾಡಿ, "ಚೆನ್ನಾಗಿ ಮಾತಾಡಮ್ಮ," ಎಂದು ಹೇಳಿ ಹಗ್ಗದ ಆಚೆಗೆ ಹೋದಳು.

ಅಕ್ಕ ವೇದಿಕೆ ಹತ್ತಿದಳು. ಜೀವಮಾನವಿಡೀ ಗಾಜಿನ ಹಿಂದೆ, ಕತ್ತಲಲ್ಲಿ, ಬೇರೆಯವರ ಬಾಯಿ ನೋಡಿಕೊಂಡು ಮಾತಾಡಿದವಳು. ಈಗ ಜನ ಅವಳ ಬಾಯಿ ನೋಡುತ್ತಿದ್ದರು. ಸೌಂಡಣ್ಣ, "ಇವರೇ ನಿಮ್ಮ ಚಿಟುಕಿ! ಇವರ ಧ್ವನಿಯನ್ನು ಲಕ್ಷಾಂತರ ಜನ ಕದ್ದಿದ್ದಾರೆ!" ಎಂದು ಗುಡುಗಿ ಮೈಕು ಕೊಟ್ಟ.

ಅಕ್ಕ ಹೇಳಬೇಕೆಂದು ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಆ ಗುಡುಗಿಗೆ ಉದುರಿಹೋಯಿತು. "ಚಿಟುಕಿ ಧ್ವನಿ ನಂದೇ," ಎಂದಳು. "ಅದನ್ನ ಯಾರೋ ಕದ್ದರು ಅಂತಿದ್ದಾರೆ." ಈ ಬದಿಯಿಂದ ಚಪ್ಪಾಳೆ. "ಆದ್ರೆ ಅವರು ಕದೀದೇ ಇದ್ದಿದ್ರೆ ಚಿಟುಕಿ ಎಲ್ಲಿರ್ತಿದ್ದಳೋ. ನಂಗೂ ಕೇಳಿಸ್ತಿರಲಿಲ್ಲ." ಆ ಬದಿಯಿಂದ ಚಪ್ಪಾಳೆ. ಈ ಬದಿಯವರು ಚಪ್ಪಾಳೆ ನಿಲ್ಲಿಸಿ ಸೌಂಡಣ್ಣನ ಮುಖ ನೋಡಿದರು. "ಯಾರದು ಸರಿ ಅಂತ ನನ್ನ ಕೇಳ್ಬೇಡಿ. ನಿಜವಾಗ್ಲೂ ನಂಗೆ ಗೊತ್ತಾಗ್ತಿಲ್ಲ."

ಯಾವಾಗ ಚಪ್ಪಾಳೆ ತಟ್ಟಬೇಕು, ಯಾವಾಗ ಕೂಗಬೇಕು ಎಂದು ಯಾರಿಗೂ ತಿಳಿಯಲಿಲ್ಲ. ಅಷ್ಟರಲ್ಲಿ ಹಗ್ಗದ ಹತ್ತಿರದಿಂದ ಒಬ್ಬ ಗಡ್ಡದ ಯುವಕ, ಹೆಗಲ ಮೇಲೆ ಮಗುವನ್ನು ಕೂರಿಸಿಕೊಂಡವನು, "ಒಂದ್ಸಲ ಹೇಳಿ ಅಕ್ಕಾ!" ಎಂದು ಕೂಗಿದ. ಏನನ್ನು ಎಂದು ಯಾರೂ ಕೇಳಲಿಲ್ಲ.

ಅಕ್ಕ ಕಣ್ಣು ಮುಚ್ಚಿದಳು. "ತಡಿ ತಡಿ!" ಎಂದಳು. ಅದು ಬಂತು. ವಯಸ್ಸಾದ ಗಂಟಲಿನ ಯಾವುದೋ ಮೂಲೆಯಿಂದ, ಸ್ವಲ್ಪವೂ ತುಕ್ಕು ಹಿಡಿಯದೆ ಬಂತು. "ಬಾಲ ಸಿಕ್ಕೊಂಡಿದೆ!" ಎಂದು ಉಳಿದದ್ದನ್ನು ಎರಡೂ ಬದಿಯವರು ಸೇರಿಯೇ ಕಿರುಚಿದರು. ಪೊಲೀಸನೊಬ್ಬ ಲಾಠಿ ಕಂಕುಳಿಗೆ ಸಿಕ್ಕಿಸಿ ಹೊಟ್ಟೆ ಹಿಡಿದು ನಕ್ಕ. ನೋಡುನೋಡುತ್ತಿದ್ದಂತೆ ಎಲ್ಲರ ಫೋನೂ ಮೇಲೆದ್ದಿತು. "ರೆಕಾರ್ಡ್ ಮಾಡ್ಬೇಡಿ! ದಯವಿಟ್ಟು ಯಾರೂ ರೆಕಾರ್ಡ್ ಮಾಡ್ಬೇಡಿ!" ಎಂದು ಸೌಂಡಣ್ಣ ಮೈಕು ಕಸಿದುಕೊಂಡು ಬೇಡುತ್ತಿದ್ದ. ಅವನ ಹಿಂದೆ ಸಂಘದ ಖಜಾಂಚಿಯೇ ಫೋನು ಹಿಡಿದು ನಿಂತಿದ್ದ.

ಆ ವಿಡಿಯೋ ಊರೆಲ್ಲ ಹರಿದಾಡಿತು. ಕಾನೂನು ಬೇಕೆನ್ನುವವರು "ಯಾರೋ ಕದ್ದರು" ಎಂಬಲ್ಲಿಗೆ ಕತ್ತರಿಸಿ ಕಳಿಸಿದರು. ಬೇಡವೆನ್ನುವವರು "ಕದೀದೇ ಇದ್ದಿದ್ರೆ" ಎಂಬಲ್ಲಿಂದ ಶುರುಮಾಡಿ ಕಳಿಸಿದರು. ಅಕ್ಕ ಎರಡನ್ನೂ ನೋಡಿದಳು. ಎರಡರಲ್ಲೂ ಅವಳ ಮುಖ ತುಂಬ ಖಚಿತವಾಗಿ ಕಾಣುತ್ತಿತ್ತು. ಗೊತ್ತಾಗ್ತಿಲ್ಲ ಎಂದ ಮಾತನ್ನು ಮಾತ್ರ ಯಾರೂ ಇಟ್ಟುಕೊಂಡಿರಲಿಲ್ಲ.

ಆ ವಾರವೇ ಕಂಪನಿಯಿಂದ ಫೋನು ಬಂತು. ಮಾತಾಡಿದವಳು ಕಾನೂನು ವಿಭಾಗದ ಹುಡುಗಿ. ಹೊಸದಾಗಿ ಸೇರಿದವಳಿರಬೇಕು, ಒಂದೊಂದು ವಾಕ್ಯವನ್ನೂ ಓದಿ ಹೇಳುವವಳ ಹಾಗೆ ಹೇಳುತ್ತಿದ್ದಳು.

"ಮೇಡಂ, ಚಿಟುಕಿಯ ಪಾತ್ರ, ಚಿತ್ರ, ಧ್ವನಿ ಮೂರೂ ಕಂಪನಿಗೆ ಸೇರಿದ್ದು. ತಾವು ಸಾರ್ವಜನಿಕವಾಗಿ ಆ ಧ್ವನಿಯಲ್ಲಿ ಮಾತಾಡುವ ಹಾಗಿಲ್ಲ."

ಅಕ್ಕ ಕಕ್ಕಾಬಿಕ್ಕಿಯಾದಳು. "ಅಲ್ಲಮ್ಮ, ಗಂಟಲು ನಂದಲ್ವಾ?"

"ಗಂಟಲು ತಮ್ಮದೇ ಮೇಡಂ."

"ಮತ್ತೆ?"

ಆ ಕಡೆ ಹಾಳೆ ತಿರುವಿದ ಸದ್ದು. "ಅದರಿಂದ ಹೊರಗೆ ಬಂದದ್ದು ಮಾತ್ರ..."

"ಮನೆಯಲ್ಲಿ ಆಡಬಹುದಾ? ನನ್ನ ಮಗಳ ಹತ್ರ?"

"ಮನೆಯಲ್ಲಿ... ಒಂದು ನಿಮಿಷ ಮೇಡಂ. ಕೇಳಿ ಹೇಳ್ತೀನಿ."

ಅವಳು ಕೇಳಲು ಹೋದವಳು ಅವತ್ತು ಮತ್ತೆ ಫೋನು ಮಾಡಲಿಲ್ಲ. ಅಕ್ಕನಿಗೆ ಮೊದಲು ನಗು ಬಂತು. ಆಮೇಲೆ ಪಾತ್ರೆ ತೊಳೆಯುತ್ತ ನಿಂತಿದ್ದಾಗ, ಏನೂ ಕಾರಣವಿಲ್ಲದೆ, ಕಣ್ಣು ತುಂಬಿ ಬಂತು. ಗಂಡ ಹಾಡು ನಿಲ್ಲಿಸಿ ಬಂದು ಪಕ್ಕದಲ್ಲಿ ನಿಂತು, ಅವಳು ತೊಳೆದ ಲೋಟಗಳನ್ನು ಒರೆಸತೊಡಗಿದ.

ಕೆಲವು ವಾರ ಕಳೆದ ಮೇಲೆ ಅದೇ ಹುಡುಗಿಯ ಫೋನು ಮತ್ತೆ ಬಂತು. ಈ ಸಲ ಅವಳು ಓದಿ ಹೇಳುತ್ತಿರಲಿಲ್ಲ.

"ಮೇಡಂ, ಒಂದು ಎಡವಟ್ಟಾಗಿದೆ. ನಿಮ್ಮ ವಿಡಿಯೋ ಓಡಿದ ಮೇಲೆ ಚಿಟುಕೀನ ನಮ್ಮ ಆ್ಯಪ್‌ನಲ್ಲಿ ಹಾಕೋಣ ಅಂತ ನಮ್ಮೋರಿಗೆ ಹುಮ್ಮಸ್ಸು ಬಂತು. ಗೋದಾಮಿಂದ ಹಳೇ ಟೇಪು ತರಿಸಿದ್ರು. ಚಿತ್ರ ಸಿಕ್ಕಿದೆ. ಧ್ವನಿಯ ಟೇಪು ಮಾತ್ರ ಪೂರ್ತಿ ಬೂಷ್ಟು ಹಿಡಿದು ಹೋಗಿದೆ. ಏನೂ ಕೇಳಿಸ್ತಿಲ್ಲ."

"ಅಯ್ಯೋ."

"ಹೊಸದಾಗಿ ನಿಮ್ಮ ಕೈಲೇ ಮಾಡಿಸ್ಬಹುದು ಅಂದೆ. ಮಕ್ಕಳಿಗೆ ಹಳೇದೇ ಬೇಕು ಅಂತಾರೆ ಮೇಲಿನೋರು. ಅದಕ್ಕೇ..." ಹುಡುಗಿ ತಗ್ಗಿದ ದನಿಯಲ್ಲಿ ಕೇಳಿದಳು, "ನಿಮ್ಗೆ ಯಾರಾದ್ರೂ ಗೊತ್ತಾ? ಹಳೇದನ್ನ ಇಳಿಸಿ ಇಟ್ಕೊಂಡಿರೋರು?"

ಅಕ್ಕ ಫೋನನ್ನು ಕಿವಿಯಿಂದ ತೆಗೆದು ಒಂದು ಸಲ ನೋಡಿದಳು, ಇದು ಅದೇ ಕಂಪನಿಯೇ ಹೌದೋ ಎನ್ನುವ ಹಾಗೆ.

ಹುಡುಕುವುದು ಸುಲಭ ಅಂದುಕೊಂಡಿದ್ದಳು. ಮನೆಮನೆಯಲ್ಲೂ ಇದ್ದದ್ದಲ್ಲವೇ? ಆದರೆ ಯಾರನ್ನು ಕೇಳಿದರೂ ಮೈಮೇಲೆ ಹಲ್ಲಿ ಬಿದ್ದವರ ಹಾಗೆ ಹಿಂದೆ ಸರಿದರು. ಕ್ಲಿನಿಕ್ಕಿಗೆ ಬಂದ ತಾಯಂದಿರು, "ಚಿಟುಕಿಯಾ? ಹಂಗಂದ್ರೆ ಏನು?" ಎಂದರು, ಪಕ್ಕದಲ್ಲಿ ಅವರ ಮಕ್ಕಳು ಬಾಲ ಸಿಕ್ಕೊಂಡಿದೆ ಎಂದು ಕುಣಿಯುತ್ತಿದ್ದವು. ಎದುರುಮನೆಯಾಕೆ ತನ್ನ ಮನೆಯಲ್ಲಿ ಕಂಪ್ಯೂಟರೇ ಇಲ್ಲವೆಂದಳು. ಡಾಕ್ಟರು ತಾವು ಅಳಿಸಿದ್ದನ್ನು ನೆನೆದು ಕೈಕೈ ಹಿಸುಕಿಕೊಂಡರು. ಮಗಳ ಗೆಳೆಯರಂತೂ, "ಇದು ನಮ್ಮನ್ನ ಹಿಡಿಯಕ್ಕೆ ಹಾಕಿರೋ ಬಲೆ, ನಿಮ್ಮಮ್ಮಂಗೆ ಹೇಳು," ಎಂದರಂತೆ. ಅದನ್ನು ಹೇಳುವಾಗ ಮಗಳ ಮುಖ ಸಣ್ಣಗಾಗಿತ್ತು.

"ನೀನೇನಂದೆ?" ಅಕ್ಕ ಕೇಳಿದಳು.

"ನಮ್ಮಮ್ಮಂಗೆ ಬಲೆ ಹಾಕಕ್ಕೆ ಬರಲ್ಲ ಅಂದೆ."

ಕಡೆಗೆ ಅಕ್ಕ ಕೇಳುವುದನ್ನು ಬಿಟ್ಟಳು. ಕ್ಲಿನಿಕ್ಕಿನ ಬಾಗಿಲಿಗೆ ಒಂದು ಚೀಟಿ ಮಾತ್ರ ಅಂಟಿಸಿದಳು: 'ಚಿಟುಕಿ ಎಲ್ಲಾದರೂ ಬಿದ್ದು ಸಿಕ್ಕಿದರೆ ದಯವಿಟ್ಟು ಇಲ್ಲಿ ಕೊಡಿ.' ಕಳೆದುಹೋದ ಕೊಡೆಗೆ ಬರೆಯುವ ಹಾಗೆ ಬರೆದಿದ್ದಳು. ಡಾಕ್ಟರು ಓದಿ ತಲೆ ಕೆರೆದುಕೊಂಡು ಒಳಗೆ ಹೋದರು.

ಮೊದಲು ಬಂದವನು ಚೌಕದಲ್ಲಿ ಕೂಗಿದ್ದ ಗಡ್ಡದವನು. ಹಲ್ಲುನೋವೇನೂ ಇರಲಿಲ್ಲ. ಒಂದು ಪೆನ್‌ಡ್ರೈವನ್ನು ಕೌಂಟರಿನ ಮೇಲಿಟ್ಟು, "ರಸ್ತೇಲಿ ಬಿದ್ದಿತ್ತು," ಎಂದು ಹೇಳಿ ಹೊರಟುಹೋದ. ಆಮೇಲೆ ಒಬ್ಬ ಅಜ್ಜಿ, ತನ್ನ ಕೈಚೀಲದಿಂದ ಕರವಸ್ತ್ರದಲ್ಲಿ ಸುತ್ತಿದ್ದೊಂದನ್ನು ತೆಗೆದಳು. ಅವಳಿಗೆ ಅದು ಪಾರ್ಕಿನ ಬೆಂಚಿನ ಮೇಲೆ ಸಿಕ್ಕಿತ್ತಂತೆ. ಔಷಧಿ ತಂದುಕೊಡುವವನಿಗೆ ಪೆಟ್ಟಿಗೆಯ ತಳದಲ್ಲಿ ಸಿಕ್ಕಿತು. ಚೌಕದಲ್ಲಿ ನಕ್ಕಿದ್ದ ಪೊಲೀಸನೂ ಬಂದ, ಸಾದಾ ಬಟ್ಟೆಯಲ್ಲಿ. ಅವನಿಗೆ ಎಲ್ಲಿ ಸಿಕ್ಕಿತೆಂದು ಅಕ್ಕ ಕೇಳುವ ಧೈರ್ಯ ಮಾಡಲಿಲ್ಲ. ಊರ ರಸ್ತೆಗಳ ಮೇಲೆ ಅಷ್ಟೊಂದು ಚಿಟುಕಿಗಳು ಬಿದ್ದಿವೆಯೆಂದು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ. ಸಂಕೋಚದಿಂದ ತಲೆತಗ್ಗಿಸಿ ಬರುವವರನ್ನು ನೋಡಿ ನೋಡಿ, ಅಕ್ಕ ಕೂಡ "ಪಾಪ, ಯಾರು ಬೀಳಿಸ್ಕೊಂಡ್ರೋ," ಎಂದು ದನಿಗೂಡಿಸಲು ಕಲಿತಳು.

ಎಲ್ಲವನ್ನೂ ಒಂದು ಡಬ್ಬಿಯಲ್ಲಿ ಹಾಕಿ ಕಂಪನಿಗೆ ಮುಟ್ಟಿಸಿದಳು. ಅವುಗಳಲ್ಲಿ ಕೆಲವು ಕೆಟ್ಟಿದ್ದವು, ಕೆಲವು ಅರ್ಧವಿದ್ದವು. ಕೂಡಿಸಿ ನೋಡಿದರೆ ಚಿಟುಕಿ ಪೂರ್ತಿ ಇದ್ದಳು. ಸೌಂಡಣ್ಣನನ್ನೇ ಕರೆಸಿ ಧ್ವನಿ ತೊಳೆದು ಒಪ್ಪ ಮಾಡಿಸಿದರಂತೆ. ಕದ್ದ ಮಾಲಿನ ಮೇಲೆ ಕೂತು ಕೆಲಸ ಮಾಡಿದ್ದೀನಲ್ಲ ಎಂದು ಅವನು ಫೋನಿನಲ್ಲಿ ಗೊಣಗಿದ. ಆದರೆ ಗೊಣಗುವಾಗಲೂ ಅವನ ದನಿಯಲ್ಲಿ ಹಿಗ್ಗು ತುಳುಕುತ್ತಿತ್ತು.

ಎಲ್ಲ ಮುಗಿಯಿತು ಅನ್ನುವಷ್ಟರಲ್ಲಿ ಹುಡುಗಿ ಮತ್ತೆ ಫೋನು ಮಾಡಿದಳು.

"ಮೇಡಂ, ಜಾತ್ರೆ ದೃಶ್ಯ... ಅಲ್ಲ, ಆ ಸೇತುವೆ ದೃಶ್ಯ ಇದೆಯಲ್ಲ, ಚಿಟುಕಿ ಬಾಲ ಹಲಗೆ ಮಧ್ಯೆ ಸಿಕ್ಕೋದು. ಅದರಲ್ಲಿ ಒಂದು ಮಗು ನಗ್ತಿದೆ. ಕಾರ್ಟೂನಲ್ಲಲ್ಲ. ಹೊರಗೆ. ಯಾರೋ ಮನೇಲಿ ಟಿವಿ ಮುಂದೆ ರೆಕಾರ್ಡರ್ ಇಟ್ಟು ಹಿಡ್ಕೊಂಡಿದ್ದಾರೆ ಅನ್ಸುತ್ತೆ. ನಗು ನಿಮ್ಮ ಮಾತಿನ ಮೇಲೇ ಕೂತ್ಬಿಟ್ಟಿದೆ, ತೆಗೆದ್ರೆ ಮಾತೂ ಹೋಗುತ್ತೆ."

"ಇರ್ಲಿ ಬಿಡಮ್ಮ, ಮಗು ನಗು ತಾನೇ."

"ಹಾಗಲ್ಲ ಮೇಡಂ. ಆ ನಗುವಿಗೆ ಅನುಮತಿ ಬೇಕಂತೆ. ಯಾರ ಮಗು ಅದು?"

"ನಂಗೆ ಹೆಂಗೆ ಗೊತ್ತಾಗ್ಬೇಕು? ಈಗ ಅದು ದೊಡ್ಡದಾಗಿ ಎಲ್ಲೋ ಕೆಲಸ ಮಾಡ್ತಿರುತ್ತೆ."

ಹುಡುಗಿ ಒಂದು ಉಸಿರು ಬಿಟ್ಟಳು. "ನಾನು ಏನಂತ ಬರೀಲಿ ಹೇಳಿ?"

ಏನು ಬರೆದಳೋ, ಚಿಟುಕಿ ಆ್ಯಪ್‌ನಲ್ಲಿ ಬಂದಳು, ನಗುವಿನ ಸಮೇತ ಬಂದಳು. ಕಾನೂನು ಇದ್ದ ಹಾಗೇ ಇತ್ತು; ಕ್ಷೌರದಂಗಡಿಯಲ್ಲಿ ಹಾಡು ಮತ್ತೆ ಶುರುವಾಗಿತ್ತು, ಹಿಂದಿಗಿಂತ ಸ್ವಲ್ಪ ತಗ್ಗಿನಲ್ಲಿ. ಮಗಳ ಪುಸ್ತಕಗಳು ಇನ್ನೂ ಅಂಗಡಿಗೆ ಬಂದಿರಲಿಲ್ಲ. ಅವಳು ಹೇಗೆ ಓದುತ್ತಿದ್ದಾಳೆಂದು ಅಕ್ಕ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಡಾಕ್ಟರು ಯುದ್ಧ ಗೆದ್ದವರ ಹಾಗೆ ಬೀಗುತ್ತ ಪರದೆಗೆ ಹೊಸ ಚಿಟುಕಿಯನ್ನು ಹಾಕಿಸಿದರು.

ಒಂದು ಸಂಜೆ ಮೂವರೂ ಸೋಫಾದಲ್ಲಿ ಒತ್ತಿಕೊಂಡು ಕೂತು ನೋಡಿದರು. ಕೊನೆಯಲ್ಲಿ ಅಕ್ಕನ ಹೆಸರು ಬಂತು, ಒಂದಕ್ಷರ ತಪ್ಪಾಗಿ. ಆದರೂ ಗಂಡ ಚಪ್ಪಾಳೆ ತಟ್ಟಿದ. ಮಗಳು ಹಿಂದಕ್ಕೆ ಓಡಿಸಿ ಸೇತುವೆಯ ದೃಶ್ಯಕ್ಕೆ ತಂದು ನಿಲ್ಲಿಸಿದಳು.

ಹಲಗೆಗಳ ನಡುವೆ ಬಾಲ ಸಿಕ್ಕಿತು. ಚಿಟುಕಿ ಕಿರುಚಿದಳು. ಅವಳ ಮಾತಿನ ಮೇಲೆ ಹತ್ತಿ ಕೂತ ಹಾಗೆ, ಎಲ್ಲಿಯದೋ ಮನೆಯಲ್ಲಿ, ಒಂದು ಮಗು ಉಸಿರು ಸಿಕ್ಕದಷ್ಟು ನಕ್ಕಿತು. ಧ್ವನಿ ಕೊಡುವಾಗ ಗಾಜಿನ ಹಿಂದಿನ ಕತ್ತಲಲ್ಲಿ ಅಕ್ಕನಿಗೆ ಇದು ಕೇಳಿಸಿರಲಿಲ್ಲ. ಕೇಳಿಸಲು ಸಾಧ್ಯವೂ ಇರಲಿಲ್ಲ.

"ನಾನಾ ಅದು?" ಎಂದಳು ಮಗಳು.

"ನೀನು ನಗೋದು ಬಿಕ್ಕಳಿಕೆ ಬಂದ ಹಾಗಿರ್ತಿತ್ತು. ನೀನಲ್ಲ," ಎಂದ ಗಂಡ. "ಇದು ಗಂಡು ಮಗು."

"ಹೆಣ್ಣು ಅಪ್ಪ. ಸರಿಯಾಗಿ ಕೇಳು. ಅಮ್ಮ, ನೀನು ಹೇಳು, ಯಾವ್ದು?"

ಅಕ್ಕ ಮುಂದಕ್ಕೆ ಬಾಗಿ ಕಿವಿಗೊಟ್ಟಳು. "ಗೊತ್ತಾಗ್ತಿಲ್ಲ," ಎಂದಳು. "ಇನ್ನೊಂದ್ಸಲ ಹಾಕು."